ಹವಳಗಾದ ಉಪವಾಸ ಕೂಟ

ಪಾಸ್ಟರ್ ಸಂತೋಷಕುಮಾರನಿಗೆ ಸಿಟ್ಟು ಬಂದರೆ ಪ್ರಾರ್ಥನೆ ಉದ್ದವಾಗುತ್ತಿತ್ತು. ಅಂದು ಹವಳಗಾದ ಪ್ರಾರ್ಥನಾ ಮಂದಿರದಲ್ಲಿ ಮುಂಜಾನೆಯ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮುದುಕರ ಮೊಣಕಾಲು ಮರಗಟ್ಟಿದ್ದವು.

ಸಿಟ್ಟಿಗೆ ಕಾರಣವಿತ್ತು. ಆಳಂದ ಕಡೆಯ ಅರ್ಧ ಮನೆಗಳು ಅವನ ಸಭೆ ಬಿಟ್ಟು, ಡ್ರಮ್ಮು ಬಾರಿಸುವ ಹೊಸ ಸಭೆಗೆ ಹೋಗಿದ್ದವು. ಉಳಿದವರನ್ನು ಕಟ್ಟಿಹಾಕಬೇಕೆಂದೇ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರನ್ನೆಲ್ಲ ಕರೆಸಿ ನಾಯಕರ ಕೂಟ ಇಟ್ಟಿದ್ದ. ಪಾಠ ಸೌಲನದು. ಸೌಲ ಇಸ್ರಾಯೇಲರ ಮೊದಲ ಅರಸ. ದೇವರು ಆರಿಸಿ, ಆಮೇಲೆ ಕೈಬಿಟ್ಟವನು.

"ಸೌಲ ಯಾಕ ಬಿದ್ದ?" ಎಂದು ಕೇಳಿದ. ಉತ್ತರವನ್ನೂ ತಾನೇ ಹೇಳಿದ: "ಹೇಳಿದ ಮಾತು ಕೇಳಲಿಲ್ಲ, ಅದಕ್ಕ ಬಿದ್ದ. ನೀವೂ ಹಂಗೇ ಆಗೀರಿ. ಇವತ್ತ ಹೊತ್ತು ಮುಳುಗೋತನಕ ಉಪವಾಸ. ಅನ್ನ ಇಲ್ಲ, ನೀರಿಲ್ಲ. ಬಾಯಾಗ ಏನರ ಹಾಕ್ಕೊಂಡವರು ಸಭಾದಿಂದ ಹೊರಗ. ನನ್ನ ಮಗಳಾದ್ರೂ ಸೈ."

ಎಲ್ಲರೂ ಬಲಗೈ ಎತ್ತಿ ಆಮೆನ್ ಅಂದರು. ಕೈ ಎತ್ತಿ ಆಮೆನ್ ಅಂದ ಮೇಲೆ ಆ ಹರಕೆಯನ್ನು ಬಿಡಿಸುವ ಹಕ್ಕು ಪಾಸ್ಟರಿಗೆ ಮಾತ್ರ. ಅದು ಆ ಸಭೆಯ ಪದ್ಧತಿ.

ಮಗಳು ಸೃಷ್ಟಿಯೂ ಕೈ ಎತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೂಜಿ ಚುಚ್ಚಿಕೊಂಡರೆ ಹಿಂದೆಯೇ ಉಣ್ಣಬೇಕು, ಇಲ್ಲದಿದ್ದರೆ ಮೈಯಲ್ಲಿ ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ಪ್ರಾರ್ಥನೆ ಮುಗಿಸಿ ಉಂಡರಾಯಿತೆಂದು ಸೂಜಿ ಚುಚ್ಚಿಕೊಂಡು ಬಂದಿದ್ದಳು. ರೊಟ್ಟಿ ಡಬ್ಬಿಯಲ್ಲೇ ಇತ್ತು. ಅಪ್ಪನಿಗೆ ಕಾಯಿಲೆ ಗೊತ್ತು. ಸಿಟ್ಟಿನಲ್ಲಿ ಅದು ನೆನಪಿಗೆ ಬರಲಿಲ್ಲ.

ಪಾಠ ಮುಂದುವರಿದು ಸೌಲನ ಆಣೆಗೆ ಬಂತು. ಯುದ್ಧದ ದಿನ ಸಂಜೆವರೆಗೆ ಯಾರೂ ತಿನ್ನಬಾರದೆಂದು ಸೌಲ ಸೈನ್ಯಕ್ಕೆ ಆಣೆ ಹಾಕಿದ. ಅದು ಕಿವಿಗೆ ಬೀಳದ ಅವನ ಮಗ ಯೋನಾತಾನ ಅಡವಿಯಲ್ಲಿ ಜೇನು ನೆಕ್ಕಿದ. ಸೌಲ ಮಗನನ್ನೇ ಕೊಲ್ಲಲು ಹೊರಟ. ಜನ ಅಡ್ಡ ನಿಂತು ಬಿಡಿಸಿದರು.

ಸರಸಂಬಾದ ಹಿರಿಯ ಅಣ್ಣಾರಾಯ ಕೇಳಿದ: "ಜನ ಅಡ್ಡ ಬಂದದ್ದು ಸರಿಯೋ ತಪ್ಪೋ, ಪಾಸ್ಟರ್ರ?"

"ತಪ್ಪು. ಆಡಿದ ಮಾತು ಉಳಿಸ್ಕೊಳ್ಳದವ ಎಂಥಾ ಅರಸ?"

ಇಜೇರಿಯ ಗುರುಶಾಂತಮ್ಮ ಸುಮ್ಮನೆ ಕೂಡುವ ಮುದುಕಿಯಲ್ಲ. "ಮಗನ್ನ ಕೊಂದಿದ್ರ ಭಾರೀ ಅರಸ ಆಗ್ತಿದ್ನೇನ್ರಿ?" ಅಂದಳು.

ಮಂದಿ ನಕ್ಕರು. ಪಾಸ್ಟರನ ಕಿವಿ ಕೆಂಪಾದವು.

ಆ ನಗುವೇ ಎಲ್ಲ ಕೆಡಿಸಿತು. ಅದು ನಿಲ್ಲುವ ಮೊದಲೇ ಪಾಸ್ಟರನ ಹೆಂಡತಿ ಭಾಗ್ಯಜ್ಯೋತಿ ಎದ್ದು ನಿಂತಳು. "ಏನ್ರಿ, ಇಲ್ಲಿ ನೋಡ್ರಿ. ಹುಡುಗಿ ನಡುಗಾಕತ್ತಾಳ. ಸೂಜಿ ಆಗ್ಯಾದ, ಉಂಡಿಲ್ಲ."

ಸೃಷ್ಟಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಗುರುಶಾಂತಮ್ಮ ಸೆರಗಿನ ಗಂಟಿನಿಂದ ಬೆಲ್ಲ ತೆಗೆದು ಅವಳ ಬಾಯಿಗೆ ಹಿಡಿದಳು. ಹುಡುಗಿ ಕೈ ದೂಡಿದಳು. "ಆಮೆನ್ ಅಂದೀನಿ, ಆಯಿ. ಅಪ್ಪ ಬಿಡ್ಸಲಿ."

"ನಿನ್ನ ಹಟಕ್ಕ ಬೆಂಕಿ ಹಚ್ಚ, ತಿನ್ನ ಬೇ!"

"ಅಪ್ಪ ಹೇಳಲಿ."

ಎಲ್ಲರೂ ಅವನತ್ತ ನೋಡಿದರು. 'ತಿನ್ನು, ಮಗಳ' ಅಂದಿದ್ದರೆ ಮುಗಿಯುತ್ತಿತ್ತು. ಈಗ ತಾನೇ ನಕ್ಕ ಮಂದಿ ಮತ್ತೆ ನಗುತ್ತಾರೆ, ಊರಿಗೆ ಹೋಗಿ ಹೇಳುತ್ತಾರೆ ಎಂಬುದಷ್ಟೇ ಅವನ ತಲೆಯಲ್ಲಿತ್ತು. "ಸ್ವಲ್ಪ ತಡೀಲಿ. ಅಕೀ ಸಲುವಾಗಿ ಪ್ರಾರ್ಥನಾ ಮಾಡೂಣು" ಎಂದು ಕಣ್ಣು ಮುಚ್ಚಿದ.

ಅಣ್ಣಾರಾಯ ಏನೋ ಹೇಳಲು ಬಾಯಿ ತೆರೆದ. ಸೌಲ ಕೊಲ್ಲಲು ಬೆನ್ನು ಹತ್ತಿದರೂ, ಮುಂದೆ ಅರಸನಾಗಲಿದ್ದ ದಾವೀದ ಅವನ ಮೇಲೆ ಕೈ ಎತ್ತಲಿಲ್ಲ, ದೇವರು ಅಭಿಷೇಕ ಮಾಡಿದವನು ಅರಸನಿರಲಿ, ಪಾಸ್ಟರನಿರಲಿ, ಎದುರು ನಿಲ್ಲಬಾರದು ಎಂದೇ ಆ ಸಭೆಯಲ್ಲಿ ಎಲ್ಲರೂ ಕಲಿತಿದ್ದರು. ಅಣ್ಣಾರಾಯನೂ ಕಣ್ಣು ಮುಚ್ಚಿದ. ಹಿರಿಯರೆಲ್ಲ ಮುಚ್ಚಿದರು. ಅಷ್ಟು ಗಂಡಸರಲ್ಲಿ ಒಬ್ಬನೂ ಗಂಡಸಾಗಲಿಲ್ಲ.

ದಪ್ಪೆಂದು ಸದ್ದಾದಾಗ ಕಣ್ಣು ತೆರೆದರು. ಸೃಷ್ಟಿ ಚಾಪೆಯ ಮೇಲೆ ಬಿದ್ದು ಒದ್ದಾಡುತ್ತಿದ್ದಳು. ಹಲ್ಲು ಕಚ್ಚಿಕೊಂಡಿದ್ದವು.

"ಬಿಟ್ಟೀನವ್ವ! ಹರಕಿ ಬಿಟ್ಟೀನಿ, ತಿನ್ನು!" ಪಾಸ್ಟರ್ ಬೆಲ್ಲ ಕಸಿದುಕೊಂಡು ಅವಳ ತುಟಿಗೆ ಒತ್ತತೊಡಗಿದ.

ಗುರುಶಾಂತಮ್ಮ ಅವನ ಕೈಗೆ ಹೊಡೆದಳು. "ಗಂಟಲಾಗ ಸಿಗ್ತಾದ, ತಗೀರಿ ಕೈ! ಗಾಡಿ ತರ್ರಿ!"

ಬೀದಿಯಲ್ಲಿದ್ದ ಶರಫುದ್ದೀನನ ಟಂಟಂ ಆಟೋದಲ್ಲಿ ಅಫಜಲಪುರಕ್ಕೆ ಒಯ್ದರು. ಸಕ್ಕರೆ ಫ್ಯಾಕ್ಟರಿಗೆ ಬರುವ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ತುಂಬಿದ್ದವು. ಶರಫುದ್ದೀನ ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ದವಾಖಾನೆಯಲ್ಲಿ ಗ್ಲೂಕೋಸ್ ಏರಿಸಿದರು. ಒದ್ದಾಟ ನಿಂತಿತು, ಎಚ್ಚರ ಬರಲಿಲ್ಲ. ಮಿದುಳಿಗೆ ಪೆಟ್ಟಾಗಿದೆ, ಕಲಬುರಗಿಗೆ ಒಯ್ಯಿರಿ ಎಂದರು.

ಕಲಬುರಗಿಯಲ್ಲಿ ಎಷ್ಟೋ ದಿನದ ಮೇಲೆ ಸೃಷ್ಟಿ ಕಣ್ಣು ತೆರೆದಳು. ಅವ್ವನನ್ನು ನೋಡಿದಳು, ಫ್ಯಾನನ್ನೂ ಹಾಗೆಯೇ ನೋಡಿದಳು. ಮಾತಿಲ್ಲ, ಗುರುತಿಲ್ಲ. ಇಷ್ಟೇ, ಇನ್ನು ಮೇಲೆ ಹೀಗೇ ಎಂದರು ಡಾಕ್ಟರು.

ಪಾಸ್ಟರ್ ಮಂಚದ ಬಳಿ ಬಂದು ಮಗಳ ತಲೆಯ ಮೇಲೆ ಕೈ ಇಡಲು ಹೋದ. ಭಾಗ್ಯಜ್ಯೋತಿ ಅಡ್ಡ ಬಂದಳು.

"ಪ್ರಾರ್ಥನಾ ಮಾಡ್ತೀನಿ."

"ಬ್ಯಾಡ್ರಿ. ಹಾಸಿಗಿ ಹೊಲಸಾಗ್ಯಾದ. ಇವು ಒಗ್ದು ತರ್ರಿ." ಬಕೆಟ್ಟನ್ನು ಅವನ ಕೈಗೆ ಕೊಟ್ಟಳು.

ಭಾನುವಾರದ ಆರಾಧನೆ ಯಾರು ನಡೆಸಬೇಕೆಂದು ಕೇಳಲು ಅಣ್ಣಾರಾಯ ಬಂದ. ಪಾಸ್ಟರ್ ದವಾಖಾನೆಯ ಹಿಂದಿನ ನಳದ ಕೆಳಗೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ತಿಕ್ಕುತ್ತಿದ್ದ. ಅಣ್ಣಾರಾಯ ಬಂದ ಕೆಲಸ ಬಿಟ್ಟು ಅವನ ಪಕ್ಕ ಕುಕ್ಕರಿಸಿದ. "ಅವತ್ತ ನಾವರ ಅಡ್ಡ ಬರಬೇಕಿತ್ರಿ" ಅಂದ.

ಪಾಸ್ಟರ್ ಬಟ್ಟೆ ಬಿಡಿಸಿ ನೋಡಿದ. ಕಲೆ ಹೋಗಿರಲಿಲ್ಲ. ಮತ್ತೆ ಸಾಬೂನು ಹಚ್ಚಿದ.