ಪೆನ್‌ಡ್ರೈವಿಗೆ ಹಿಡಿಸದ ದನಿ

ಜಾವಾದ ಸಿದೊಆರ್ಜೊ ಪೇಟೆಯ ಓಣಿಯೊಂದರಲ್ಲಿ, ದುಡ್ಡು ಕೊಟ್ಟು ಆಡುವ ಲಸ್ಮಿನಿಯ ಗೇಮ್ ಅಂಗಡಿ. ಟಿವಿಗೆ ಜೋಡಿಸಿ ಆಡುವ ಆರು ಹಳೆಯ ಕನ್ಸೋಲುಗಳನ್ನೂ ಬಿಚ್ಚಿ ಮಾರ್ಪಡಿಸಿದ್ದಳು. ಡಿಸ್ಕ್ ಬೇಕಿರಲಿಲ್ಲ, ಅದರ ನಕಲನ್ನು ಪೆನ್‌ಡ್ರೈವಿಗೆ ತುಂಬಿ ಚುಚ್ಚಿದರೆ ಆಟ ಶುರು. ಪಕ್ಕದ ಮನೆಯ ವಾರ್ಸಿತೊ, ಹಿರಿಯರೆಂಬ ಗೌರವಕ್ಕೆ ಎಲ್ಲರ ಬಾಯಲ್ಲೂ ‘ಪಾಕ್’ ವಾರ್ಸಿತೊ, ಒಂದು ಕಾಲದಲ್ಲಿ ರೇಡಿಯೊದಲ್ಲಿ ಫುಟ್‌ಬಾಲ್ ವಿವರಣೆ ಹೇಳುತ್ತಿದ್ದವರು. ನಾಲ್ಕು ತಿಂಗಳು ಅವರನ್ನು ಎದುರು ಕೂರಿಸಿಕೊಂಡು, ಜಾವಾ ಮಾತಿನಲ್ಲಿ ಅವರು ಬೈದು ನಗಿಸಿದ್ದನ್ನೆಲ್ಲ ರೆಕಾರ್ಡ್ ಮಾಡಿ, ಲಸ್ಮಿನಿ ಫುಟ್‌ಬಾಲ್ ಗೇಮಿಗೆ ಸೇರಿಸಿದಳು.

ಫೈಲು ಐದು ಜಿಬಿ ಮೀರಿತು. ನಾಲ್ಕು ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಆ ಪೆನ್‌ಡ್ರೈವ್ ಒಳಗೇ ಬಿಟ್ಟುಕೊಳ್ಳಲಿಲ್ಲ. ರಿಪೇರಿ ಅಂಗಡಿಯ ರೊಫಿಕ್, ಏನಾದರೂ ಕತ್ತರಿಸದೆ ದಾರಿಯಿಲ್ಲ ಎಂದ. ಆಟಕ್ಕೆ ಮೊದಲು ಬರುವ ವಿಡಿಯೊಗಳನ್ನು ತೆಗೆ, ದನಿ ಮುಟ್ಟಬೇಡ ಎಂದು ಹೇಳಿ ಲಸ್ಮಿನಿ ಫೈಲನ್ನು ಅವನ ಬಳಿ ಬಿಟ್ಟು ಬಂದಳು.

ಭಾನುವಾರ ಅಂಗಡಿಯಲ್ಲಿ ಆ ಗೇಮಿನ ಪಂದ್ಯಾವಳಿ. ಪಾಕ್ ವಾರ್ಸಿತೊ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು ಮುಂದಿನ ಕುರ್ಚಿಯಲ್ಲಿ ಕೂತರು. ಆಟ ಶುರುವಾಯಿತು. ಜನರ ಗದ್ದಲ ಕೇಳಿಸಿತು, ಅವರ ದನಿ ಬರಲಿಲ್ಲ. ಅರ್ಧ ಆಟದವರೆಗೆ ಕಾದು, ಕಾಫಿ ಮುಟ್ಟದೆ ಎದ್ದು ಹೋದರು. ದನಿಯನ್ನೂ ಕತ್ತರಿಸದೆ ಬೇರೆ ದಾರಿಯೇ ಇರಲಿಲ್ಲವೆಂದು ರೊಫಿಕ್ ಹೇಳಿದ. ಲಸ್ಮಿನಿ ನಂಬಿದಳು.

ಎರಡು ವಾರ ಕಳೆದು ಗ್ರೆಸಿಕ್‌ನಿಂದ ಬಂದ ಲಾರಿ ಚಾಲಕನೊಬ್ಬ ಅಂಗಡಿಯಲ್ಲಿ ಗೇಮ್ ಆಡುತ್ತಾ, ತಮ್ಮೂರಿನ ಅಂಗಡಿಗಳ ಗೇಮಿನಲ್ಲಿ ಒಬ್ಬ ಮುದುಕ ಬೈಯುತ್ತಾನೆ, ನಕ್ಕು ನಕ್ಕು ಸಾಕಾಗುತ್ತದೆ ಎಂದ. ಎಲ್ಲಿಂದ ತಂದರೆಂದು ಕೇಳಿದಳು. ರೊಫಿಕ್ ಮಾರಿದ್ದಂತೆ.

ಲಸ್ಮಿನಿಗೆ ಮೈಯೆಲ್ಲ ಉರಿದುಹೋಯಿತು. ಆಡುವವರನ್ನು ಹಾಗೇ ಬಿಟ್ಟು ಸ್ಕೂಟರ್ ಹತ್ತಿದಳು.

ರೊಫಿಕ್‌ನ ಕಂಪ್ಯೂಟರಿನಲ್ಲಿ ಅವಳ ಫೈಲು ಆರು ಚೂರಾಗಿ ಕೂತಿತ್ತು. ತುಂಡು ಮಾಡಿ ಹಾಕಿದರೆ ಕನ್ಸೋಲ್ ತಾನೇ ಒಂದಾಗಿಸಿ ಓದುತ್ತದೆ. ತಾರೀಕು ನೋಡಿದಳು: ಪಂದ್ಯಾವಳಿಗೆ ಮೂರು ದಿನ ಮೊದಲಿನದು.

"ಹಿಡಿಸಲ್ಲ ಅಂದ್ಯಲ್ಲೋ."

"ಎಲ್ಲಾ ಕಡೆ ಸಿಕ್ಕಿದ್ರೆ ಯಾರು ಕೊಳ್ತಾರೆ ಅಕ್ಕ?" ಅವನು ತಲೆಯೆತ್ತಲಿಲ್ಲ. "ನೀವೇನು ಸಾಚಾನಾ? ಗೇಮೇ ಕದ್ದಿದ್ದು."

"ಗೇಮ್ ಕದ್ದಿದ್ದೇ. ಆ ಮನುಷ್ಯ ನನ್ನೆದುರು ಕೆಮ್ಮಿಕೊಂಡು ಮಾತಾಡಿದ್ದು ಯಾರ ಮನೆಯಿಂದ್ಲೂ ಕದ್ದಿದ್ದಲ್ಲ. ತೆಗಿ, ಹಾಕು ಇದಕ್ಕೆ."

ಅವಳು ಪೆನ್‌ಡ್ರೈವನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಅವನು ಆರೂ ಚೂರುಗಳನ್ನು ತುಂಬಿಕೊಟ್ಟ.

ಅಲ್ಲಿಂದ ನೇರ ಪಾಕ್ ವಾರ್ಸಿತೊ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಬಾಗಿಲಲ್ಲೇ ನಿಂತು ಕೇಳಿದರು.

"ಕತ್ತರಿಸಿದ್ದು ಅವನು. ಆದ್ರೆ ಊರ ಜನರ ಮುಂದೆ ನನ್ನ ಕೂರಿಸೋಕೆ ಮುಂಚೆ, ನೀನು ಒಂದ್ಸಲ ಹಾಕಿ ಕೇಳಬಾರದಿತ್ತೇನಮ್ಮ?"

ಅವರು ಬಾಗಿಲು ಹಾಕಿಕೊಂಡರು.

ಮರುದಿನವೇ ಲಸ್ಮಿನಿ ಅಂಗಡಿಯ ಮುಂದೆ ಚೀಟಿ ಅಂಟಿಸಿದಳು: ಪೆನ್‌ಡ್ರೈವ್ ತನ್ನಿ, ವಾರ್ಸಿತೊ ಅವರ ಗೇಮನ್ನು ಬಿಟ್ಟಿ ತುಂಬಿಕೊಡುತ್ತೇವೆ. ಸುರಬಾಯ ನಗರದಿಂದಲೂ ಜನ ಬಂದರು. ಒಂದು ಚೂರು ತಪ್ಪಿದರೂ ಆಟ ನಡೆಯದೆಂದು ಹೇಳಿ, ಚೂರುಗಳ ಹೆಸರು ಬದಲಿಸಬೇಡಿ ಎಂದು ಎಚ್ಚರಿಸಿ, ಪ್ರತಿ ಸಲವೂ ಹಚ್ಚಿ ಕೇಳಿಸಿಯೇ ಕಳಿಸಿದಳು. ತಿಂಗಳು ಕಳೆಯುವಷ್ಟರಲ್ಲಿ ರೊಫಿಕ್‌ನ ಹತ್ತಿರ ಅದನ್ನು ಕೊಳ್ಳುವವರೇ ಉಳಿಯಲಿಲ್ಲ. ಲಸ್ಮಿನಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಅದರಲ್ಲಿ ಅವನ ಮೇಲಿನದೆಷ್ಟು, ತನ್ನ ಮೇಲಿನದೆಷ್ಟು ಎಂದು ಅವಳಿಗೇ ತಿಳಿಯದು. ಆರು ಟಿವಿಗಳಲ್ಲೂ ಪಾಕ್ ವಾರ್ಸಿತೊ ಕೂಗುತ್ತಿದ್ದರು. ಆದರೆ ಅವರು ಅಂಗಡಿಗೆ ಮತ್ತೆ ಬರಲಿಲ್ಲ.