ಎಲ್ಲವನ್ನೂ ಮುಂದೂಡಿದ ದುರ್ಗೇಶ

ದುರ್ಗೇಶ ನಡೆಯುವಾಗ ಹಿಮ್ಮಡಿಯನ್ನು ಪೂರ್ತಿಯಾಗಿ ನೆಲಕ್ಕೆ ಊರುತ್ತಿರಲಿಲ್ಲ. ಚಪ್ಪಲಿ ಸವೆಯಬಾರದೆಂಬ ಎಚ್ಚರ ಅವನ ಕಾಲುಗಳಿಗೇ ಅಭ್ಯಾಸವಾಗಿ ಹೋಗಿತ್ತು. ಜೋಗುಪಾಳ್ಯದ ಬಾಡಿಗೆ ಕೋಣೆಯಿಂದ ಸಿ.ವಿ. ರಾಮನ್ ನಗರದ ಲೇತ್ ವರ್ಕ್‌ಶಾಪಿಗೆ ನಡೆದೇ ಹೋಗಿ, ಓವರ್‌ಟೈಮ್ ಮುಗಿಸಿ, ಭುಜ ಇಳಿಬಿಟ್ಟುಕೊಂಡು ನಡೆದೇ ಮರಳುತ್ತಿದ್ದ ಅವನಿಗೆ ಆಗ, ಎರಡು ಸಾವಿರದ ಇಸವಿಯಲ್ಲಿ, ಇನ್ನೂ ಇಪ್ಪತ್ತೇಳು. ರಾಯಚೂರಿನಿಂದ ಬಂದ ಆರು ವರ್ಷಗಳಲ್ಲಿ ನಾಲ್ಕು ಬಾರಿ ಮಾಲೀಕರು ಮನೆ ಖಾಲಿ ಮಾಡಿಸಿದ್ದರು. ಹಾಸಿಗೆ, ಸ್ಟೌ, ಬಕೆಟುಗಳನ್ನು ರಸ್ತೆಯಂಚಿಗಿಟ್ಟು ಆಟೋಗಾಗಿ ಕಾದು ನಿಂತ ಆ ಅವಮಾನವೇ ಅವನೊಳಗೆ ವ್ರತವಾಗಿ ಬೆಳೆದಿತ್ತು: ಕೆ.ಆರ್. ಪುರದ ಕಡೆ ಒಂದು ಚಿಕ್ಕ ಸೈಟು. ಅದಾಗುವವರೆಗೆ ಸಿನಿಮಾ ಇಲ್ಲ, ಹೋಟೆಲು ಇಲ್ಲ, ಭಾನುವಾರವೂ ಇಲ್ಲ. ಹೆಂಡತಿ ಪ್ರಿಯದರ್ಶಿನಿ ಏನು ಕೇಳಿದರೂ, "ಆಮ್ಯಾಲ ನೋಡೂಣು" ಎನ್ನುತ್ತಿದ್ದ. ಮದುವೆಯಾದ ಎರಡು ವರ್ಷ ಅವಳು ಆ ಮಾತನ್ನು ನಂಬಿದ್ದಳು.

ಒಂದು ಸಂಜೆ ಅವನು ಕೆಲಸದಿಂದ ಬಂದಾಗ ಗೋಡೆಯ ಮೇಲೆ ಅವಳ ಫೋಟೋ ತೂಗುತ್ತಿತ್ತು: ಮದುವೆಯ ಸೀರೆ, ಮುಡಿಯಲ್ಲಿ ಮಲ್ಲಿಗೆ, ಪಕ್ಕದಲ್ಲಿ ಯಾರೂ ಇಲ್ಲ. ಶಿವಾಜಿನಗರದ ಸ್ಟುಡಿಯೋಗೆ ಒಬ್ಬಳೇ ಹೋಗಿ ತೆಗೆಸಿಕೊಂಡಿದ್ದಳು.

"ಫೋಟೋದಾಂವ ರೊಕ್ಕ ಎಷ್ಟ್ ತಗೊಂಡ?" ಎಂದ.

"ಸೈಟು ಹತ್ತು ವರ್ಷ ಬಿಟ್ರೂ ಸಿಗ್ತದ್ರೀ. ಈ ಮುಖ ಸಿಗ್ತದೇನು?"

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವನು ವಾದಿಸುತ್ತಿದ್ದ. ಅಲ್ಲಿ ಇದ್ದದ್ದು ಬರೀ ದಣಿವು.

ಮುಂದಿನ ಭಾನುವಾರ ಓವರ್‌ಟೈಮ್ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅವಳ ಜೊತೆ ಅದೇ ಸ್ಟುಡಿಯೋಗೆ ಹೋದ. ಫೋಟೋ ತೆಗೆಯುವ ಅನೀಸ್, "ಸಾರ್, ಸ್ವಲ್ಪ ನಗಿ ಸಾರ್" ಎಂದ. ದುರ್ಗೇಶ ತುಟಿ ಅಗಲಿಸಿದ. "ಹಂಗಲ್ಲ ಸಾರ್, ಮೇಡಂ ನೋಡಿ, ಅವ್ರ ಥರ." ಮತ್ತೆ ಪ್ರಯತ್ನಿಸಿದ, ದವಡೆ ಬಿಗಿಯಿತೇ ಹೊರತು ನಗೆ ಮೂಡಲಿಲ್ಲ. ದೀಪಗಳ ಕಾವಿಗೆ ಬೆವರುತ್ತಾ, ಅವಳಿಗಷ್ಟೇ ಕೇಳುವಂತೆ, "ಆಗವಲ್ದು" ಎಂದ. ಅವಳು ಸೆರಗಿನಿಂದ ಅವನ ಹಣೆ ಒರೆಸಿ, "ಇರ್ಲಿ ಬಿಡ್ರಿ, ಹಿಂಗ ತೆಗೀಲಿ" ಎಂದಳು.

ಅಂದಿನಿಂದ ತಿಂಗಳಿಗೊಂದು ಭಾನುವಾರ ಅವಳದಾಯಿತು. ಸೈಟು ಅವನು ಲೆಕ್ಕ ಹಾಕಿದ್ದಕ್ಕಿಂತ ಎರಡು ವರ್ಷ ತಡವಾಗಿ, ಎರಡು ಸಾವಿರದ ಆರರಲ್ಲಿ ಕೈಗೆ ಬಂತು. ಅವಳ ಪಾಲಿನ ಆ ಭಾನುವಾರಗಳಲ್ಲಿ ಅವನು ಹಲಸೂರು ಕೆರೆಯ ದಂಡೆಯಲ್ಲಿ, ಕಡಲೆಕಾಯಿಯ ಪೊಟ್ಟಣ ಹಿಡಿದ ಹಾಗೆಯೇ, ಬೆಂಚಿಗೆ ಒರಗಿ ನಿದ್ದೆ ಹೋಗುತ್ತಿದ್ದ. ಅವಳು ಎಬ್ಬಿಸುತ್ತಿರಲಿಲ್ಲ.

ಇಂಥವರನ್ನು ಲೋಕ ಜಿಪುಣರೆನ್ನುತ್ತದೆ. ಒಮ್ಮೆ ಬೀದಿಯಲ್ಲಿ ನಿಂತವರ ಭಯ ಅದಕ್ಕೆ ಕಾಣುವುದಿಲ್ಲ. ಸುಖದ ಮೇಲೆ ಅವರಿಗೆ ದ್ವೇಷವೇನೂ ಇರುವುದಿಲ್ಲ. ಅದನ್ನು ಇಟ್ಟುಕೊಳ್ಳಲು ಭದ್ರವಾದ ಜಾಗವೊಂದನ್ನು ಹುಡುಕುತ್ತಾ ಚಿಕ್ಕ ವಯಸ್ಸಿನಲ್ಲೇ ಹೊರಟುಬಿಡುತ್ತಾರೆ. ಜಾಗ ಸಿಕ್ಕುವ ಹೊತ್ತಿಗೆ ಮೈ ಕೇಳುವುದು ಒಂದಿಷ್ಟು ನಿದ್ದೆಯನ್ನು ಮಾತ್ರ.