ಎಡಗಾಲ ಹಿಮ್ಮಡಿ

ಮಗಳು ಶೆಡ್ಡಿಗೆ ಬಂದುಹೋದದ್ದನ್ನು ಪಾಲಹಳ್ಳಿಯ ಕಾಳಪ್ಪಾಚಾರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮರಗೆಲಸದ ಆ ಶೆಡ್ಡಿನ ನೆಲದ ಮೇಲೆ ಸದಾ ಹೊಟ್ಟು ಹರಡಿರುತ್ತಿತ್ತು. ಅದರಲ್ಲಿ ಬಲಗಾಲಿನ ಹೆಜ್ಜೆ ಪೂರ್ತಿ ಮೂಡಿ, ಎಡಗಾಲಿನದು ಬರೀ ಮುಂಗಾಲಷ್ಟೇ ಮೂಡಿದ್ದರೆ ಅದು ವೀಣ. ಹೆಜ್ಜೆಗಳು ಕಿಟಕಿಯ ಗೂಡಿನ ತನಕ ಹೋಗಿದ್ದರೆ ಅವನ ಕೆಂಪು ಪೆನ್ಸಿಲು ಮಾಯವಾಗಿದೆ ಎಂದೇ ಅರ್ಥ.

ಅವಳ ಎಡಗಾಲು ಬಲಗಾಲಿಗಿಂತ ಒಂದಂಗುಲದಷ್ಟು ಗಿಡ್ಡ. ಹುಟ್ಟಿನಿಂದ ಬಂದದ್ದು. ಬರಿಗಾಲಲ್ಲಿ ನಡೆಯುವಾಗ ಆ ಕೊರತೆ ತುಂಬಿಕೊಳ್ಳಲು ಎಡಗಾಲನ್ನು ತುದಿಯಲ್ಲೇ ಊರುತ್ತಿದ್ದಳು. ಕಾಳಪ್ಪ ಅವಳ ಎಡಗಾಲ ಚಪ್ಪಲಿಗೆ ಹಗುರ ಮರದ ಅಟ್ಟೆ ಕೂರಿಸಿಕೊಡುತ್ತಿದ್ದ. ಅದಕ್ಕೆ ರಬ್ಬರು ಅಂಟಿಸಿ, ಅಂಚು ನಯ ಮಾಡಿ, ಸವೆದರೆ ಬೇರೆ ಹಾಕಿ, ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದೇನೆ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದ.

ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಹುಡುಗಿಗೆ ಸಂಜೆಯಾದರೆ ಸೊಂಟ ನೋಯತೊಡಗಿತು. ಹೆಂಡತಿ ಮೂಗಮ್ಮನ ಒತ್ತಾಯಕ್ಕೆ ಕಾಳಪ್ಪ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂಳೆ ಡಾಕ್ಟರು ನಡುವಯಸ್ಸಿನ ಹೆಂಗಸು. ಚಪ್ಪಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಯಾರು ಮಾಡಿದ್ದು? ತುಂಬ ಚೆನ್ನಾಗಿದೆ" ಎಂದರು.

ಕಾಳಪ್ಪ ಬಾಯಿ ತೆರೆಯುವ ಮೊದಲೇ ವೀಣ ಹೇಳಿದಳು: "ಚೆನ್ನಾಗೈತೆ ಮೇಡಂ, ಆದ್ರೆ ಆಚೆನೇ ಬುಟ್ಬುಟ್ಟು ಒಳಕ್ಕೋಗ್ಬೇಕಲ್ಲ. ಮನೇಲಿ, ದೇವಸ್ಥಾನದಲ್ಲಿ, ನೆಂಟ್ರ ಮನೇಲಿ, ಎಲ್ಲಾ ಕಡೆ ಬರಿಗಾಲೇ. ಜನ ಕುಂತ್ಕಂಡು ನೋಡೋ ಜಾಗ್ದಲ್ಲೇ ಇದು ಇರಾಕಿಲ್ಲ."

ಇಷ್ಟು ವರ್ಷ ತಾನು ಅಂಚು ನಯ ಮಾಡುತ್ತ ಕೂತಿದ್ದರೂ ಈ ಮಾತು ಹೊಳೆದೇ ಇರಲಿಲ್ಲವಲ್ಲ ಎಂದು ಕಾಳಪ್ಪ ಮಗಳ ಮುಖವನ್ನೇ ನೋಡಿದ.

ಡಾಕ್ಟರು ಎಕ್ಸ್‌ರೇಯಲ್ಲಿ ಮೊಣಕಾಲಿನ ಹತ್ತಿರದ ಒಂದು ತೆಳು ಗೆರೆ ತೋರಿಸಿದರು. ಮೂಳೆ ಉದ್ದ ಬೆಳೆಯುವುದು ಅಲ್ಲಿ. ಅದರ ಎರಡೂ ಪಕ್ಕಕ್ಕೆ ಸಣ್ಣ ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಿದರೆ ಆ ಕಾಲಿನ ಬೆಳವಣಿಗೆ ನಿಧಾನವಾಗುತ್ತದೆ. ಇನ್ನೊಂದು ಕಾಲು ತನ್ನ ಪಾಡಿಗೆ ಬೆಳೆದು ಬಂದು ಸಮ ಆಗುತ್ತದೆ. ಆಮೇಲೆ ಪಟ್ಟಿ ತೆಗೆದುಬಿಡುವುದು.

ಕಾಳಪ್ಪ ಎಕ್ಸ್‌ರೇಯನ್ನೂ ಮಗಳ ಕಾಲನ್ನೂ ನೋಡಿ, ಮೆಲ್ಲಗೆ, "ಅಮ್ಮಾ, ಅದು ಬಲಗಾಲು. ಗಿಡ್ಡ ಇರಾದು ಎಡಗಾಲು" ಎಂದ.

"ಗೊತ್ತು. ಆಪರೇಷನ್ನು ಬಲಗಾಲಿಗೇ."

"ಚೆನ್ನಾಗಿರೋ ಕಾಲಿಗಾ?"

"ಹೌದು. ಗಿಡ್ಡ ಕಾಲಿನ ಮೂಳೆ ಕತ್ತರಿಸಿ ಎಳೆದು ಉದ್ದ ಮಾಡೋದೂ ಇದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಕಷ್ಟ ಬೇಡ. ಇವಳು ಬೆಳೀತಿರೋದರಿಂದ ಈ ದಾರಿ ಇದೆ. ಬೆಳೆಯೋದು ನಿಂತ ಮೇಲೆ ಈ ಪಟ್ಟಿಯಿಂದ ಏನೂ ಪ್ರಯೋಜನ ಇಲ್ಲ. ತುಂಬ ದಿನ ಯೋಚನೆ ಮಾಡ್ತಾ ಕೂರಬೇಡಿ."

ಮನೆಗೆ ಬಂದ ಕಾಳಪ್ಪ ಸುತರಾಂ ಆಗದು ಎಂದುಬಿಟ್ಟ. "ನಮ್ಮಪ್ಪ ನಂಗೆ ಕಲ್ಸಿದ್ದೇ ಅದು. ಮಂಚ ಅಲ್ಲಾಡಿದ್ರೆ ಚೆನ್ನಾಗಿರೋ ಕಾಲ ಮುಟ್ಬ್ಯಾಡ ಅಂತ. ಒಂದ್ಸಲ ಕುಯ್ಯಾಕ್ ಶುರು ಮಾಡುದ್ರೆ ಅದನ್ನ ಇದಕ್ಕೆ, ಇದನ್ನ ಅದಕ್ಕೆ ಅಂತ ಕುಯ್ದು ಕುಯ್ದು ಮಂಚ ಮಣೆ ಆಯ್ತದೆ."

"ನಿಮ್ ಮಂಚದ್ ವಿಚಾರ ಯಾರ್ ಕೇಳುದ್ರು?" ಎಂದಳು ಮೂಗಮ್ಮ. "ಮಗೀನ ಸೊಂಟದ್ ವಿಚಾರ ಏಳಿ."

"ಇರೋ ಒಂದು ಒಳ್ಳೆ ಕಾಲೂ ಕೆಟ್ರೆ?"

ವೀಣ ರೊಟ್ಟಿ ಮುರಿಯುತ್ತ ಕೂತಿದ್ದವಳು ತಲೆ ಎತ್ತದೆಯೇ ಹೇಳಿದಳು: "ಅಪ್ಪ, ಮಂಚ ಬೆಳೆಯಾಕಿಲ್ಲ. ನಾನು ಬೆಳೀತೀನಿ."

ಕಾಳಪ್ಪ ತಟ್ಟೆ ಸರಿಸಿದ. ಎದ್ದು ಕೈ ತೊಳೆದ. ಆಪರೇಷನ್ನಿಗೆ ಹೂಂ ಅನ್ನಲಿಲ್ಲ. ಭತ್ತ ನಾಟಿಯಾಯಿತು, ಕಳೆ ಕಿತ್ತದ್ದೂ ಆಯಿತು. ಹುಡುಗಿ ಕಣ್ಣೆದುರಿಗೇ ಉದ್ದವಾಗುತ್ತಿದ್ದಳು. ಲಂಗ ಮೇಲೆ ಸರಿದಷ್ಟೂ ಮೂಗಮ್ಮ ಗಂಡನ ಕಡೆ ಒಂದು ನೋಟ ಬೀರುತ್ತಿದ್ದಳೇ ಹೊರತು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ.

ಅಂಥ ಒಂದು ಬೆಳಗ್ಗೆ ಚಲುವರಾಜು ತನ್ನ ಬೀಳು ಹೊಲಕ್ಕೆ ಬಾ ಎಂದು ಕರೆ ಕಳಿಸಿದ. ಅವನು ಕಾಳಪ್ಪನ ಜೊತೆ ಓದಿದವನು, ಊರಿನ ಗೌಡರ ಮನೆಯವನು. ಪಾಂಡವಪುರದ ಕಡೆಯಿಂದ ಒಂದು ಜೊತೆ ಹೋರಿ ತಂದು ಪಳಗಿಸುತ್ತಿದ್ದ. ನೊಗ ಮಾಡಿಕೊಟ್ಟವನು ಕಾಳಪ್ಪ.

"ಬಾರ್ಲಾ ಆಚಾರಿ, ಏನ್ ನೊಗ ಮಾಡಿದ್ದೀಯೋ! ಒಂದೇ ಕಡೀಕ್ ಎಳೀತದೆ" ಎಂದು ಚಲುವರಾಜು ದೂರದಿಂದಲೇ ಕೂಗಿದ.

ಕಾಳಪ್ಪ ನೊಗಕ್ಕೆ ಗೇಣು ಹಾಕಿ ನೋಡಿದ, ತೂತುಗಳಿಗೆ ಬೆರಳಿಟ್ಟು ನೋಡಿದ. ತಪ್ಪಿರಲಿಲ್ಲ. "ನಡೆಸು ನೋಡಾನ" ಎಂದ. ಹೋರಿಗಳು ಹೊರಟವು. ಬಲಗಡೆಯದು ಮೊದಲ ಹೆಜ್ಜೆಯಿಂದಲೇ ನುಗ್ಗಿತು. ಎಡಗಡೆಯದು ಹಿಂದೆ ಬಿದ್ದು, ಕತ್ತು ಸೊಟ್ಟ ಮಾಡಿಕೊಂಡು ಎಳೆಸಿಕೊಂಡು ಹೋಯಿತು.

"ನೊಗಕ್ ಏನೂ ಆಗಿಲ್ಲ ಗೌಡ. ಇಂದಕ್ ಬೀಳಾದುಕ್ಕೆ ಎಲ್ಡು ಏಟ್ ಬಿಗಿ."

"ಒಡುದ್ರೆ ಎದುರ್ಕಂಡು ಎಡವ್ತದೆ ಕಣ್ಲಾ. ಅದುಕ್ಕೆ ಇನ್ನೂ ಎಳೇ ಮೈ." ಚಲುವರಾಜು ನಕ್ಕು ಬಲಗಡೆಯ ಹೋರಿಯ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡ. ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡ ಅಷ್ಟೆ. ಹೋರಿ ಒಮ್ಮೆ ತಲೆ ಕೊಡವಿ ಹೆಜ್ಜೆ ಸಣ್ಣ ಮಾಡಿತು. ಹೊಲದ ಆ ತುದಿ ಮುಟ್ಟುವಷ್ಟರಲ್ಲಿ ಎಡಗಡೆಯದು ಮುಂದೆ ಬಂದು ಸೇರಿತ್ತು. ಎರಡು ಕತ್ತೂ ಒಂದೇ ಸಮ.

ಕಾಳಪ್ಪ ಬದುವಿನ ಮೇಲೆ ನಿಂತೇ ಇದ್ದ. ಜೋಡಿ ತಿರುಗಿ ಬಂದ ಮೇಲೆ ಕೇಳಿದ: "ಅಲ್ಲ ಕಣ್ ಗೌಡ, ಅಂಗ್ ಇಡ್ಕಂಡಿದ್ದುಕ್ಕೆ ಬಲಗಡೇದ್ರ ಶಕ್ತಿ ಕುಂದಾಕಿಲ್ವಾ?"

"ಯಾಕ್ ಕುಂದ್ತದೆ? ನಾನೇನ್ ಅದುನ್ ಕಾಲ್ ಮುರುದ್ನಾ? ಚೂರು ತಾಳಪ್ಪ, ಅವ್ನೂ ಬರ್ಲಿ ಅಂದೆ. ನಾಕ್ ದಿನ ಆದ್ಮೇಲೆ ಅಗ್ಗ ಸಡಿಲ ಬುಟ್ರೂ ಜೊತೇಲೇ ಓಯ್ತವೆ." ಚಲುವರಾಜು ಅವನ ಮುಖ ನೋಡಿದ. "ಯಾಕ್ಲಾ, ಇಂಗ್ ನಿಂತ್ಬುಟ್ಟೆ?"

ಕಾಳಪ್ಪ ಎಲ್ಲ ಹೇಳಿದ. ಚಲುವರಾಜು ಕೇಳಿಸಿಕೊಂಡು, "ಮಗೀಗೆ ಆಪರೇಷನ್ ಮಾಡ್ಸು. ಆದ್ರೆ ನನ್ ಓರಿ ನೋಡಿ ಒಪ್ಕಂಡೆ ಅಂತ ಮಾತ್ರ ಅವ್ಳ್ ಮುಂದೆ ಬಾಯ್ ಬುಡ್ಬ್ಯಾಡ ಕಣ್ಲಾ. ಕಲ್ ತಗಂಡು ಇಬ್ರಿಗೂ ಬೀರ್ತಾಳೆ" ಎಂದ.

ಆಪರೇಷನ್ನು ಆಯಿತು. ಬಲ ಮೊಣಕಾಲಿನ ಎರಡು ಪಕ್ಕಕ್ಕೂ ಸಣ್ಣ ಗಾಯಗಳು. ವೀಣ ಮೊದಲ ಸಲ ಕಾಲೂರಿ ನಿಲ್ಲುವಾಗ ತುಟಿ ಕಚ್ಚಿಕೊಂಡಳು, ಅಳಲಿಲ್ಲ. ಡಾಕ್ಟರಿಗೆ, "ಒಳಗಡೆ ಇಟ್ರಲ್ಲ, ಅಂಥದ್ದೇ ಇನ್ನೊಂದ್ ತೋರ್ಸಿ ಮೇಡಂ" ಎಂದಳು. ಅಂಗೈಯಲ್ಲಿಟ್ಟ ಪಟ್ಟಿಯನ್ನು ನೋಡಿ, "ನಮ್ಮಪ್ಪ ಪೆಟ್ಗೆಗ್ ಆಕೋ ಕೀಲು ಇದ್ಕಿಂತ ದೊಡ್ದು" ಎಂದದ್ದಕ್ಕೆ ನರ್ಸುಗಳೂ ನಕ್ಕರು. ಕೆಲವೇ ವಾರಗಳಲ್ಲಿ ಸ್ಕೂಲಿಗೆ ಹೊರಟುನಿಂತಳು.

ಕಷ್ಟವಿದ್ದದ್ದು ಆಮೇಲೆ. ಏನೂ ಆದಂತೆ ಕಾಣುತ್ತಿರಲಿಲ್ಲ. ಗಾಯ ಮಾಯ್ದಿತ್ತು, ಹುಡುಗಿ ಹಿಂದಿನಂತೆಯೇ ತುದಿಗಾಲಲ್ಲಿ ಓಡಾಡುತ್ತಿದ್ದಳು. ಬೀದಿಯ ಪುಟ್ಟತಾಯಮ್ಮ ಜಗಲಿಯಿಂದಲೇ, "ಒಳ್ಳೆ ಕಾಲ್ಗೆ ಕಬ್ಣ ತುರುಕ್ಬುಟ್ರಂತಲ್ಲೇ ಮಗ, ಏನಾದ್ರೂ ಬೆಳೀತಾ?" ಎಂದು ಕೇಳುತ್ತಿದ್ದಳು. "ಬೆಳೀತಾ ಅದೆ ಕಣಜ್ಜಿ, ನೀನ್ ಇನ್ನೂ ಇರ್ತೀಯ ತಾನೆ? ನೋಡೀವಂತೆ" ಎನ್ನುತ್ತಿದ್ದಳು ವೀಣ. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

ಕಾಳಪ್ಪನೋ ಬಣ್ಣ ಒಣಗುವ ತನಕವೂ ಕಾಯಲಾರದೆ ಬೆರಳಿಟ್ಟು ನೋಡುವ ಮನುಷ್ಯ. ಕೆಲವು ತಿಂಗಳಿಗೊಮ್ಮೆ ಎಕ್ಸ್‌ರೇಗೆ ಹೋಗುವಾಗ ಬಸ್ಸಿನಲ್ಲಿ ಅವನ ಮುಖ ನೋಡಲಾಗುತ್ತಿರಲಿಲ್ಲ. "ಬತ್ತದೆ ಬುಡಪ್ಪ" ಎಂದು ಹುಡುಗಿಯೇ ಸಮಾಧಾನ ಹೇಳುತ್ತಿದ್ದಳು. ಈ ತಾಳ್ಮೆ ಇವಳಿಗೆ ಯಾರ ಕಡೆಯಿಂದ ಬಂತೋ ಎಂದು ಅವನು ಯೋಚಿಸುತ್ತಿದ್ದ. ತನ್ನ ಕಡೆಯಿಂದ ಅಲ್ಲ, ಅದು ಖಂಡಿತ.

ಒಂದು ಸಲ ಡಾಕ್ಟರು, "ಚಪ್ಪಲಿಯ ಅಟ್ಟೆ ಸ್ವಲ್ಪ ತೆಳು ಮಾಡಿ" ಎಂದರು. ಅವತ್ತು ಕಾಳಪ್ಪ ಬಸ್ಸಿಳಿದವನೇ ಊಟಕ್ಕೂ ಕೂರದೆ ಉಜ್ಜುಗೊರಡು ತೆಗೆದುಕೊಂಡ. ಅಟ್ಟೆಯಿಂದ ಎದ್ದ ತೆಳ್ಳನೆಯ ಸುರುಳಿಯನ್ನು ಹೊಟ್ಟಿಗೆ ಎಸೆಯಲು ಮನಸ್ಸು ಬಾರದೆ ಕಿಟಕಿಯ ಗೂಡಿನಲ್ಲಿಟ್ಟ. ಮುಂದಿನ ಸಲ ಇನ್ನಷ್ಟು ತೆಳುವಾಯಿತು. ಎಂಟನೇ ಕ್ಲಾಸಿನಲ್ಲಿದ್ದಾಗ ಡಾಕ್ಟರು ಎರಡು ಕಾಲನ್ನೂ ಅಳೆದು, ಇನ್ನು ಅಟ್ಟೆ ಬೇಡ ಎಂದರು. ಆ ರಜೆಯಲ್ಲಿ ಪಟ್ಟಿಗಳನ್ನೂ ತೆಗೆದರು.

ಆದರೂ ಎಡಗಾಲ ಹಿಮ್ಮಡಿ ನೆಲಕ್ಕೆ ಇಳಿಯಲಿಲ್ಲ. ಇಷ್ಟು ವರ್ಷ ತುದಿಗಾಲಲ್ಲೇ ನಿಂತು ಮೀನಖಂಡ ಬಿಗಿದುಕೊಂಡಿತ್ತು. ಅದನ್ನು ಅವಳೇ ಸಡಿಲ ಮಾಡಿಕೊಳ್ಳಬೇಕು ಎಂದರು ಡಾಕ್ಟರು. ದಿನಾ ಬೆಳಗ್ಗೆ ಮೂಗಮ್ಮ ಒಲೆ ಹಚ್ಚುವಾಗ ಹುಡುಗಿ ಗೋಡೆಗೆ ಎರಡು ಕೈ ಕೊಟ್ಟು, ಎಡಗಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿ ಒತ್ತುತ್ತ ನಿಂತಿರುತ್ತಿದ್ದಳು. ಗೋಡೆಯ ಸುಣ್ಣದ ಮೇಲೆ ಅವಳ ಅಂಗೈಗಳ ಮಾಸಲು ಗುರುತು ಉಳಿದಿತ್ತು. ಯಾರೂ ನೆನಪಿಸಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಕಾಳಪ್ಪ ಊಟ ಮುಗಿಸಿ ಶೆಡ್ಡಿಗೆ ಬಂದಾಗ ಕಿಟಕಿಯ ಗೂಡಿನಲ್ಲಿ ಪೆನ್ಸಿಲು ಇರಲಿಲ್ಲ. ನೆಲ ನೋಡಿದ. ಹೊಟ್ಟಿನ ಮೇಲೆ ಬಾಗಿಲಿಂದ ಗೂಡಿನ ತನಕ ಪುಟ್ಟ ಪಾದಗಳ ಸಾಲು. ಬಲ, ಎಡ, ಬಲ, ಎಡ, ಎಲ್ಲವೂ ಇಡಿಯಾಗಿ ಊರಿದ ಹೆಜ್ಜೆಗಳು.

"ಮೂಗೀ, ಯಾರ್ ಮಗ ಬಂದಿತ್ತು ಇಲ್ಲಿಗೆ? ನನ್ ಪೆನ್ಸಿಲ್ ಒಡ್ಕಂಡು ಓಗವ್ರೆ" ಎಂದು ಕೂಗಿದ.

ಹಿತ್ತಿಲ ಕಡೆಯಿಂದ ವೀಣಳ ದನಿ ಬಂತು: "ನಿನ್ ಮಗಳೇ ಕಣಪ್ಪ!"

ಕಾಳಪ್ಪ ಮತ್ತೆ ಕೆಳಗೆ ನೋಡಿದ. ಮೊಣಕಾಲೂರಿ ಕೂತು ಒಂದು ಎಡಗಾಲ ಹೆಜ್ಜೆಯ ಹಿಂಭಾಗದ ಹಳ್ಳಕ್ಕೆ ಬೆರಳಿಟ್ಟ. ದುಂಡಗೆ, ಆಳವಾಗಿ ಕೂತಿತ್ತು. ಅವತ್ತು ಬಾಗಿಲು ಒಯ್ಯಲು ಗಿರಾಕಿ ಬರುವವನಿದ್ದ, ಕೊಯ್ಯುವ ಹಲಗೆ ಇನ್ನೂ ಇತ್ತು. ಕಾಳಪ್ಪ ಗೋಡೆಯ ಪಕ್ಕಕ್ಕೇ ಸುತ್ತು ಹಾಕಿ, ಆ ಹೆಜ್ಜೆಗಳನ್ನು ತುಳಿಯದೆ ಹೋಗಿ ಗರಗಸ ತೆಗೆದುಕೊಂಡ.